ಹೋಮ್‌ಸ್ಟೇ ಮಾಡ್ತೀನಿ ಅಂದವನಿಗೆ...

ಮೊನ್ನೆ ಭಾನುವಾರ ಬೆಳಿಗ್ಗೆ ಕಾಲೇಜಿನ ಗೆಳೆಯನೊಬ್ಬ ಫೋನ್ ಮಾಡಿದ್ದ. ಎರಡು ವರ್ಷದಿಂದ ಪತ್ತೆಯೇ ಇಲ್ಲದವನು. ಹೀಗೆ ಇದ್ದಕ್ಕಿದ್ದಂತೆ ಫೋನ್ ಮಾಡುವವರು ಒಂದೋ ಮದುವೆಗೆ ಕರೀತಾರೆ, ಇಲ್ಲಾಂದ್ರೆ ಇನ್ಶೂರೆನ್ಸ್ ಪಾಲಿಸಿ ಮಾಡಿಸ್ತಾರೆ. ಇವನ ಮದುವೆಯಾಗಿ ಹದಿನೈದು ವರ್ಷ ಆಯ್ತು, ಹಾಗಾಗಿ ಎರಡನೆಯದೇ ಇರಬೇಕು ಅಂದುಕೊಂಡು ಹುಷಾರಾಗಿಯೇ ಮಾತಾಡಿದೆ. ಆದರೆ ವಿಷಯ ಬೇರೆ ಇತ್ತು.

"ಮಗಾ, ಸಕಲೇಶಪುರದ ಹತ್ರ ನಮ್ಮ ಅಜ್ಜನ ಮನೆ ಖಾಲಿ ಬಿದ್ದಿದೆ. ಹೋಮ್‌ಸ್ಟೇ ಮಾಡೋಣ ಅಂತಿದೀನಿ. ನೀನು ಇಷ್ಟು ವರ್ಷದಿಂದ ನಡೆಸ್ತಿದೀಯಲ್ಲ, ಏನು ಕಷ್ಟ ಅದ್ರಲ್ಲಿ? ಮನೆ ಇದೆ, ಮಂಚ ಹಾಕೋದು, ದುಡ್ಡು ಎಣಿಸೋದು, ಅಷ್ಟೇ ಅಲ್ವಾ?"

ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಯಾಕಂದರೆ 2016ರಲ್ಲಿ ನಾನೂ ಬೇರೆ ಯಾರಿಗೋ ಅಕ್ಷರಶಃ ಇದೇ ಮಾತು ಹೇಳಿದ್ದೆ. "ಫೋನಲ್ಲಿ ಹೇಳಿದ್ರೆ ಮುಗಿಯಲ್ಲ, ಬರೆದು ಕಳಿಸ್ತೀನಿ" ಅಂದೆ. ಬರೆಯುತ್ತಾ ಹೋದಂತೆ ಇದು ಇವನೊಬ್ಬನಿಗೆ ಮಾತ್ರ ಯಾಕೆ, ಮಲೆನಾಡಲ್ಲಿ ಒಂದು ಹಂಚಿನ ಮನೆ ಇರುವ, ಬೆಂಗಳೂರಲ್ಲಿ ಒಂದು ಕೆಲಸ ಇರುವ ಎಲ್ಲರಿಗೂ ಇರಲಿ ಅನ್ನಿಸಿತು. ಹಾಗಾಗಿ ಇಲ್ಲಿ ಹಾಕ್ತಿದೀನಿ.

ನಮ್ಮ ಮನೆ ಇರೋದು ಮೂಡಿಗೆರೆ ತಾಲ್ಲೂಕಲ್ಲಿ, ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗೆ. ನಾಲ್ಕು ಎಕರೆ ಕಾಫಿ ತೋಟ, ಒಂದು ಕಣ, ಅಜ್ಜ ಕಟ್ಟಿಸಿದ ಮನೆ. ಅಪ್ಪ 2014ರಲ್ಲಿ ಹೋದರು. ತಂಗಿ ಮೈಸೂರಲ್ಲಿ, ನಾನು ಬೆಂಗಳೂರಲ್ಲಿ. ಅಷ್ಟು ದೊಡ್ಡ ಮನೆಯಲ್ಲಿ ಅಮ್ಮ ಒಬ್ಬಳೇ. ಬೆಂಗಳೂರಿಗೆ ಬಾ ಅಂದರೆ ಎರಡು ವಾರ ಬಂದು, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತು ಪಾರ್ಕಿಂಗ್ ನೋಡಿ, "ನನ್ನ ಬಸ್ ಹತ್ಸು" ಅಂತಾಳೆ. ಹೋಮ್‌ಸ್ಟೇ ಐಡಿಯಾ ಹುಟ್ಟಿದ್ದು ಹಾಗೆ. ಅಮ್ಮನಿಗೆ ಜನ ಸಿಗ್ತಾರೆ, ಮನೆ ರಿಪೇರಿಗೆ ದುಡ್ಡು ಬರುತ್ತೆ, ಕಾಫಿ ರೇಟು ಬಿದ್ದ ವರ್ಷಕ್ಕೆ ಒಂದು ಆಸರೆ. ಕೇಳೋಕೆ ಎಷ್ಟು ಚೆಂದ ಅಲ್ವಾ?

* * *

ಮೊದಲು ಲೆಕ್ಕ. ಎಲ್ಲರೂ ಮಾಡೋ ತಪ್ಪನ್ನೇ ನಾನೂ ಮಾಡಿದ್ದೆ. ಮೂರು ರೂಮು, ರೂಮಿಗೆ ಇಬ್ಬರು, ತಲೆಗೆ 1500 ರೂಪಾಯಿ ಊಟ ಸೇರಿ. ದಿನಕ್ಕೆ 9000, ತಿಂಗಳಿಗೆ 2 ಲಕ್ಷ 70 ಸಾವಿರ! ಕ್ಯಾಲ್ಕುಲೇಟರ್ ನೋಡಿ ಕೆಲಸಕ್ಕೆ ರಾಜೀನಾಮೆ ಕೊಡೋ ಮನಸ್ಸಾಗಿತ್ತು. ಪುಣ್ಯಕ್ಕೆ ಹೆಂಡತಿ ತಡೆದಳು.

2017ರ ನಿಜವಾದ ಲೆಕ್ಕ ಇಲ್ಲಿದೆ, ನನ್ನ ಡೈರಿಯಿಂದ. ಮೂರು ರೂಮಿಗೆ ವರ್ಷಕ್ಕೆ 1095 ರಾತ್ರಿ. ಅದರಲ್ಲಿ ತುಂಬಿದ್ದು 240, ಅಂದರೆ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ಯಾಕಂದ್ರೆ ಬೆಂಗಳೂರಿನವರು ಬರೋದು ಶನಿವಾರ. ಸೋಮವಾರದಿಂದ ಗುರುವಾರದ ತನಕ ಮಂಚಗಳ ಮೇಲೆ ಬೆಕ್ಕು ಮಲಗಿರುತ್ತೆ. ದಸರಾ, ಕ್ರಿಸ್‌ಮಸ್, ಶುಕ್ರವಾರವೋ ಸೋಮವಾರವೋ ರಜ ಬಿದ್ದ ವಾರ, ಆಗ ಮಾತ್ರ ಒಂದು ರೂಮಿಗೆ ಹತ್ತು ಫೋನು. ಆ ಹತ್ತರಲ್ಲಿ ಒಂಬತ್ತು ಜನಕ್ಕೆ ಇಲ್ಲ ಅನ್ನಬೇಕು.

240 ರಾತ್ರಿ, ಇಬ್ಬಿಬ್ಬರಂತೆ 480 ತಲೆ, ಬಂದದ್ದು 7 ಲಕ್ಷ 20 ಸಾವಿರ. ಹೋದದ್ದು ನೋಡಿ:

ಊಟ ತಿಂಡಿ ಸಾಮಾನು, ತಲೆಗೆ 300ರಂತೆ 1,44,000.
ಅಡಿಗೆಗೆ ಕ್ಲೀನಿಂಗಿಗೆ ಒಬ್ಬರು ಅಕ್ಕ, ಹೊರಗಿನ ಕೆಲಸಕ್ಕೆ ಒಬ್ಬ ಹುಡುಗ ಅರ್ಧ ದಿನ, ಇಬ್ಬರ ಸಂಬಳ 1,92,000.
ಅರ್ಧದಷ್ಟು ಜನ ಬಂದಿದ್ದು ಬುಕಿಂಗ್ ಸೈಟುಗಳ ಮೂಲಕ, ಅವರ ಕಮಿಷನ್ ನೂರಕ್ಕೆ ಹದಿನೈದರಂತೆ 54,000.
ಗ್ಯಾಸು, ಕರೆಂಟು, ಬಟ್ಟೆ ಒಗೆಯೋದು 72,000.
ರಿಪೇರಿ 1,00,000. ಇದನ್ನ ಯಾರೂ ಲೆಕ್ಕ ಹಿಡಿಯಲ್ಲ. ಹಂಚು, ನಲ್ಲಿ, ಮೋಟರು, ಗೆದ್ದಲು. ಗೆದ್ದಲಿಗೆ ಶನಿವಾರ ಭಾನುವಾರ ಅಂತ ಇಲ್ಲ.

ಉಳಿದದ್ದು 1,58,000. ಅಯ್ಯೋ ಪರವಾಗಿಲ್ವಲ್ಲ ಅಂದ್ರಾ? ನಿಲ್ಲಿ. ರೂಮಿಗೊಂದು ಬಾತ್‌ರೂಮ್ ಕಟ್ಟಿಸೋಕೆ, ಮಂಚ ಹಾಸಿಗೆಗೆ ಅಂತ ತೆಗೆದ ಎಂಟು ಲಕ್ಷ ಸಾಲಕ್ಕೆ ತಿಂಗಳಿಗೆ 17 ಸಾವಿರ ಇಎಂಐ. ವರ್ಷಕ್ಕೆ 2,04,000. ಅಂದರೆ ಆ ವರ್ಷ ನನ್ನ ಸಂಬಳದಿಂದ 46 ಸಾವಿರ ಕೈಯಿಂದ ಹಾಕಿ, ಬೇರೆಯವರನ್ನ ಮಲೆನಾಡಿನಲ್ಲಿ ಸುಖವಾಗಿ ಮಲಗಿಸಿದ್ದೆ :-)

ಹಾಗಂತ ಸಾಲ ತೀರಿದ ಮೇಲೂ ನಷ್ಟವೇ ಅಂತಲ್ಲ. ನಾನು ಹೇಳೋದು ಇಷ್ಟೇ. ಮೊದಲ ಐದು ವರ್ಷ ಈ ಮನೆ ನಿಮಗೆ ಅನ್ನ ಹಾಕಲ್ಲ, ನೀವೇ ಮನೆಗೆ ಅನ್ನ ಹಾಕಬೇಕು. ಬೇರೆ ಆದಾಯ ಇಲ್ಲದೆ ಸಾಲ ಮಾಡಿ ಇಳಿಯಬೇಡಿ. ನಾಲ್ಕನೇ ಒಂದು ಭಾಗ ತುಂಬುತ್ತೆ ಅಂತ ಲೆಕ್ಕ ಹಾಕಿ, ಅದರಲ್ಲಿ ಇಎಂಐ ಕಟ್ಟೋಕಾದರೆ ಮಾತ್ರ ಮುಂದಿನ ಪ್ಯಾರಾ ಓದಿ.

ಆ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ. ನಿಮಗೆ ಕಾಣಿಸ್ತಾ? ನನಗೆ ಕಾಣೋಕೆ ನಾಲ್ಕು ವರ್ಷ ಬೇಕಾಯ್ತು. ಕೊನೆಗೆ ಹೇಳ್ತೀನಿ.

* * *

ಇನ್ನು ಯಾರೂ ಫೋಟೋ ಹಾಕದ ವಿಷಯಗಳು.

ಒಂದು, ಪಾಯಿಖಾನೆ ಗುಂಡಿ. ಅಜ್ಜನ ಕಾಲದಲ್ಲಿ ಐದು ಜನರ ಸಂಸಾರಕ್ಕೆ ಅಂತ ತೋಡಿದ ಗುಂಡಿ, ಶನಿವಾರ ಹನ್ನೆರಡು ಜನರನ್ನ ತಡೆಯಲ್ಲ. ಅದೂ ನಮ್ಮ ಕಡೆ ಜುಲೈ ತಿಂಗಳಲ್ಲಿ ಭೂಮಿಯೇ ನೀರು ಕುಡಿದು ಕುಡಿದು ಸಾಕಾಗಿರುತ್ತೆ, ಇಂಗುಗುಂಡಿಯಲ್ಲಿ ಏನೂ ಇಂಗಲ್ಲ, ವಾಪಸ್ ಬರುತ್ತೆ. ಎಲ್ಲಿಂದ ಬರುತ್ತೆ ಅಂತ ವಿವರಿಸಲ್ಲ, ನೀವು ಊಟ ಮಾಡ್ತಿರಬಹುದು. ಮಂಚಕ್ಕೆ, ಪರದೆಗೆ ಖರ್ಚು ಮಾಡೋ ಮುಂಚೆ ಹೊಸ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ. ಕುಡಿಯೋ ಬಾವಿಯಿಂದ ದೂರ, ಬಾವಿಗಿಂತ ತಗ್ಗಿನಲ್ಲಿ. ಪ್ರತಿ ಬಾತ್‌ರೂಮಿನಲ್ಲೂ ಮುಚ್ಚಳದ ಕಸದ ಡಬ್ಬಿ, ಪಕ್ಕದಲ್ಲಿ ಹಳೇ ಪೇಪರ್ ಇಡಿ. ಏನನ್ನೂ ಕಮೋಡಿಗೆ ಹಾಕಬೇಡಿ ಅಂತ ಬಾಯಲ್ಲಿ ಹೇಳೋಕೆ ಸಂಕೋಚ ಆದರೆ ಬರೆದು ಅಂಟಿಸಿ.

ಎರಡು, ಬೆಡ್‌ಶೀಟು. ಪುಸ್ತಕದ ಪ್ರಕಾರ ಹಾಸಿಗೆಗೆ ಮೂರು ಜೊತೆ: ಒಂದು ಹಾಸಿದ್ದು, ಒಂದು ಒಗೆಯೋದು, ಒಂದು ಬೀರುವಿನಲ್ಲಿ. ಮಳೆಗಾಲದ ಮಲೆನಾಡಿಗೆ ಐದು ಜೊತೆ ಬೇಕು, ಒಗೆದದ್ದು ಒಣಗೋಕೆ ಮೂರು ದಿನ ತಗೊಳ್ಳುತ್ತೆ. ಅಮ್ಮ ತನ್ನ ಜೀವಮಾನದ ಅಭ್ಯಾಸದಂತೆ ಬಚ್ಚಲೊಲೆ ಮೇಲಿನ ಗಳದಲ್ಲಿ ಹರವಿದಳು. ಸೋಮವಾರ ರಿವ್ಯೂ ಬಂತು: "ಜಾಗ ಚೆನ್ನಾಗಿದೆ, ಆದರೆ ಹೊದಿಕೆಯೆಲ್ಲ ಹೊಗೆ ವಾಸನೆ." ಮೂರು ಸ್ಟಾರು. ಅದನ್ನ ಅಮ್ಮನಿಗೆ ಓದಿ ಹೇಳಿದರೆ, "ಹೊಗೆ ವಾಸನೆ ಇಲ್ಲದೆ ಮುಗ್ಗಲು ವಾಸನೆ ಬೇಕಿತ್ತಾ ಅವ್ರಿಗೆ? ಎರಡ್ರಲ್ಲಿ ಒಂದು ಆರಿಸ್ಕಳಕ್ಕೆ ಹೇಳು" ಅಂದಳು. ಕೊನೆಗೆ ಬಟ್ಟೆ ಒಣಗಿಸೋ ಮೆಷೀನು ತಂದೆವು. ಎಲ್ಲಾ ಬಿಳಿ ಬಣ್ಣದ್ದೇ ತಗೊಳ್ಳಿ. ಕಲೆ ಕಾಣುತ್ತೆ ಅಂತ ಬಣ್ಣದ್ದು ತಂದರೆ, ಕಾಣದ ಕಲೆಗಳ ಬಗ್ಗೆ ಬಂದವರಿಗೆ ಅನುಮಾನ ಶುರುವಾಗುತ್ತೆ.

ಮೂರು, ಗಲಾಟೆ. ಹುಡುಗರ ಗುಂಪೊಂದು ಕಾರಿಂದ ಬ್ಯಾಗಿಗಿಂತ ಮೊದಲು ಸ್ಪೀಕರ್ ಇಳಿಸಿದರೆ ಆ ರಾತ್ರಿ ನಿಮಗೆ ನಿದ್ದೆ ಇಲ್ಲ ಅಂತ ಅರ್ಥ. ಪಕ್ಕದ ತೋಟ ನಮ್ಮ ಚಿಕ್ಕಪ್ಪನದ್ದು. ಒಂದು ಸಲ ರಾತ್ರಿ ಹನ್ನೊಂದೂವರೆಗೆ ಟಾರ್ಚ್ ಹಿಡಿದು ಬಂದರು. ಬೈಯಲಿಲ್ಲ. ಅಂಗಳದಲ್ಲಿ ನಿಂತು, "ಅಣ್ಣ ಇದ್ದಾಗ ಈ ಮನೇಲಿ ರೇಡಿಯೋ ಕೂಡ ಸಣ್ಣಕೆ ಇಡ್ತಿದ್ರು" ಅಂತಷ್ಟೇ ಹೇಳಿ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಮರುದಿನದಿಂದ ಹತ್ತು ಗಂಟೆಗೆ ಹಾಡು ಬಂದ್. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕಕ್ಕೆ ಕಾನೂನಿನಲ್ಲೇ ತಡೆ ಇದೆ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ಬುಕಿಂಗ್ ಮಾಡುವಾಗಲೇ ಇದನ್ನ ಹೇಳಿಬಿಟ್ಟರೆ, ಸ್ಪೀಕರ್ ಪಾರ್ಟಿಗಳು ತಾವಾಗಿಯೇ ಬೇರೆ ಕಡೆ ಹೋಗ್ತಾರೆ. ಆ ದುಡ್ಡು ಹೋಗಲಿ ಬಿಡಿ. ಊರು ನಿಮ್ಮ ಜೊತೆ ಇಲ್ಲ ಅಂದರೆ ಹೋಮ್‌ಸ್ಟೇ ನಡೆಯಲ್ಲ. ಕಾರು ಕೆಸರಲ್ಲಿ ಹೂತಾಗ ಟ್ರ್ಯಾಕ್ಟರ್ ತರೋರು ಅದೇ ಚಿಕ್ಕಪ್ಪ.

ನಾಲ್ಕು, ಆನೆ. ನಮ್ಮ ತಾಲ್ಲೂಕಲ್ಲಿ ಇದು ತಮಾಷೆಯ ವಿಷಯ ಅಲ್ಲ, ಜನ ಸತ್ತಿದ್ದಾರೆ. ಊರಿನ ವಾಟ್ಸಾಪ್ ಗ್ರೂಪಲ್ಲಿ "ಇಂಥ ತೋಟದಲ್ಲಿ ಇದೆ" ಅಂತ ಬಂದ ತಕ್ಷಣ ಗೇಟ್ ಹಾಕಿಬಿಡ್ತೀವಿ. ಬಂದವರಲ್ಲಿ ಒಬ್ಬರಾದರೂ "ಸಾರ್, ದೂರದಿಂದ ನೋಡಿ ಬರ್ತೀವಿ" ಅಂದೇ ಅಂತಾರೆ. ಆನೆ ವಿಷಯದಲ್ಲಿ ದೂರ ಅನ್ನೋದನ್ನ ತೀರ್ಮಾನ ಮಾಡೋದು ನೀವಲ್ಲ, ಆನೆ. ಸಂಜೆ ಆರೂವರೆ ಮೇಲೆ ತೋಟಕ್ಕೆ ಇಳಿಯೋ ಹಾಗಿಲ್ಲ ಅನ್ನೋ ನಿಯಮದಲ್ಲಿ ಇವತ್ತಿನವರೆಗೆ ಯಾರಿಗೂ ರಿಯಾಯಿತಿ ಕೊಟ್ಟಿಲ್ಲ.

ಐದು, ಮಳೆ ಮತ್ತು ಕ್ಯಾನ್ಸಲ್. 2019ರ ಆಗಸ್ಟಲ್ಲಿ ನಮ್ಮ ತಾಲ್ಲೂಕಲ್ಲಿ ಗುಡ್ಡಗಳು ಜಾರಿದವು, ಚಾರ್ಮಾಡಿ ಘಾಟಿ ಬಂದ್ ಆಯ್ತು. ಆ ವರ್ಷ ಆಗಸ್ಟ್ ಹದಿನೈದು ಗುರುವಾರ ಬಿದ್ದಿತ್ತು, ನಾಲ್ಕು ದಿನಕ್ಕೂ ಮೂರು ರೂಮೂ ಬುಕ್ ಆಗಿ ಅಡ್ವಾನ್ಸ್ ಬಂದಿತ್ತು. ಎಲ್ಲಾ ವಾಪಸ್ ಕೊಟ್ಟೆವು. ಕೆಲವರು "ರಸ್ತೆ ಓಪನ್ ಇದ್ರೆ ಬರ್ತೀವಿ" ಅಂದರು, ನಾವೇ ಬೇಡ ಅಂದೆವು. ಅಡ್ವಾನ್ಸ್ ದುಡ್ಡನ್ನ ಜನ ಬಂದು ಮಲಗಿ ಎದ್ದು ಹೋಗೋ ತನಕ ಮುಟ್ಟಬಾರದು ಅನ್ನೋ ಪಾಠ ಆಗ ಕಲಿತೆ. ಅದನ್ನ ಖರ್ಚು ಮಾಡಿಬಿಟ್ಟಿದ್ದರೆ "ಬನ್ನಿ, ಏನೂ ಆಗಲ್ಲ" ಅನ್ನೋ ಆಸೆ ಬರ್ತಿತ್ತು. ಆ ಆಸೆ ಜೀವ ತೆಗೆಯುತ್ತೆ.

* * *

ಕಾಗದ ಪತ್ರದ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಇದು ಬೋರು, ಆದರೆ ಬಿಡೋಹಾಗಿಲ್ಲ.

ಹೋಮ್‌ಸ್ಟೇ ಅಂದರೆ ಮನೆಯವರು ಇರುವ ಮನೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಒಂದರಿಂದ ಆರು ರೂಮು, ಹೆಚ್ಚೆಂದರೆ ಹನ್ನೆರಡು ಹಾಸಿಗೆ. ಮನೆಯಲ್ಲಿ ಯಾರೂ ಇಲ್ಲದೆ ಬರೀ ಬೀಗದ ಕೈ ಕೊಟ್ಟು ಕಳಿಸೋದು ಬೇರೆ ವ್ಯವಹಾರ, ಅದಕ್ಕೆ ಹೋಮ್‌ಸ್ಟೇ ಅನ್ನೋ ಬೋರ್ಡ್ ಹಾಕಬೇಡಿ. ರಾಜ್ಯ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ಪಂಚಾಯ್ತಿಗೂ ಪೊಲೀಸ್ ಠಾಣೆಗೂ ಹೋಗಿ ಮುಖ ತೋರಿಸಿ ಬನ್ನಿ, ತೊಂದರೆ ಆದ ದಿನ ಮೊದಲ ಸಲ ಹೋಗೋದಲ್ಲ. ಊಟ ಹಾಕ್ತೀರಿ ಅಂದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು. ಬಂದವರಲ್ಲಿ ದೊಡ್ಡವರೆಲ್ಲರ ಗುರುತಿನ ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆಸಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಲೇಬೇಕು, ಒಂದು ರಾತ್ರಿ ಇದ್ದರೂ ಸರಿ.

ಜಿಎಸ್‌ಟಿ ಅಂದ ತಕ್ಷಣ ಹೆದರಬೇಡಿ. ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟೋ ತನಕ ಸೇವೆ ಕೊಡುವವರು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಿಲ್ಲ. ಬುಕಿಂಗ್ ಸೈಟಿನ ಮೂಲಕ ಬಂದವರ ತೆರಿಗೆಯನ್ನ ಆ ಸೈಟಿನವರೇ ವಸೂಲಿ ಮಾಡಿ ಕಟ್ತಾರೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮುಗಳಿಗೆ ತೆರಿಗೆ ನೂರಕ್ಕೆ ಐದಕ್ಕೆ ಇಳಿದಿದೆ, ಮೊದಲು ಹನ್ನೆರಡಿತ್ತು. ಆದರೂ ಒಮ್ಮೆ ನಿಮ್ಮ ಆಡಿಟರ್ ಹತ್ತಿರ ಕೂತು ಮಾತಾಡಿ. ಹಾಗೆಯೇ ಮನೆಗೆ ಮಾಡಿಸಿರೋ ವಿಮೆಯಲ್ಲಿ, ದುಡ್ಡು ಕೊಟ್ಟು ಉಳಿದುಕೊಂಡವರಿಗೆ ಏನಾದರೂ ಆದರೆ ಅದು ಅನ್ವಯ ಆಗುತ್ತಾ ಅಂತ ಕೇಳಿ. ನಾನು ಕೇಳಿರಲಿಲ್ಲ.

ಯಾಕೆ ಕೇಳಬೇಕಿತ್ತು ಅನ್ನೋದೇ ಈಗ ಬರೆಯೋ ವಿಷಯ. ಇಷ್ಟು ಹೊತ್ತು ತಮಾಷೆ ಮಾಡಿದ್ದೇ ಇದನ್ನ ಮುಂದೂಡೋಕೆ ಅನ್ಸುತ್ತೆ.

* * *

2019ರ ಕ್ರಿಸ್‌ಮಸ್ ವಾರ. ನಾನೂ ರಜ ಹಾಕಿ ಊರಿಗೆ ಬಂದಿದ್ದೆ. ಮೂರು ರೂಮೂ ತುಂಬಿತ್ತು. ಡಿಸೆಂಬರಲ್ಲಿ ನಮ್ಮ ಕಡೆ ಬೆಳಗಿನ ಚಳಿ ಅಂದರೆ ಹಲ್ಲು ಕಡಿಯೋ ಚಳಿ. ಸೋಲಾರ್ ನೀರು ಬೆಳಿಗ್ಗೆ ಹೊತ್ತಿಗೆ ಉಗುರು ಬೆಚ್ಚಗೂ ಇರ್ತಿರಲಿಲ್ಲ. ಹಂಡೆ ನೀರು ಮೂರು ರೂಮಿಗೆ ಸಾಲ್ತಿರಲಿಲ್ಲ. ಕರೆಂಟು ಹೇಳದೆ ಕೇಳದೆ ಹೋಗೋದರಿಂದ ಕರೆಂಟ್ ಗೀಸರ್ ನಂಬೋಹಾಗಿರಲಿಲ್ಲ. ಹಾಗಾಗಿ ಆ ವರ್ಷ ಮೂರೂ ಬಾತ್‌ರೂಮಿಗೆ ಗ್ಯಾಸ್ ಗೀಸರ್ ಹಾಕಿಸಿದ್ದೆ. ಬಾತ್‌ರೂಮಿನ ಒಳಗೇ. ಸಿಲಿಂಡರ್ ಹೊರಗೆ, ಗೀಸರ್ ಒಳಗೆ. ಹಾಕಿದವರು ಹಾಗೇ ಹಾಕಿದರು, ನಾನು ಸರಿ ಅಂದೆ. ಮೇಲೆ ಒಂದು ಚಿಕ್ಕ ವೆಂಟಿಲೇಟರ್ ಇತ್ತಲ್ಲ, ಸಾಕು ಅಂದುಕೊಂಡೆ.

ಹುಬ್ಬಳ್ಳಿ ಕಡೆಯ ಒಂದು ಸಂಸಾರ ಬಂದಿತ್ತು. ಅಪ್ಪ, ಅಮ್ಮ, ಕಾಲೇಜು ಓದೋ ಮಗಳು. ಬೆಳಿಗ್ಗೆ ಏಳೂವರೆಗೆ ಆ ಹುಡುಗಿ ಸ್ನಾನಕ್ಕೆ ಹೋದಳು. ನಾನು ಜಗಲಿಯಲ್ಲಿ ಅವಳ ಅಪ್ಪನ ಜೊತೆ ಕಾಫಿ ಕುಡೀತಾ ಕಾಫಿ ರೇಟಿನ ಬಗ್ಗೆ ಮಾತಾಡ್ತಿದ್ದೆ. ಒಳಗಿಂದ ಅವಳ ಅಮ್ಮ ಬಾಗಿಲು ತಟ್ಟೋ ಶಬ್ದ ಕೇಳಿಸ್ತು. ಒಂದು ಸಲ, ಎರಡು ಸಲ, ಆಮೇಲೆ ಜೋರಾಗಿ. ನೀರು ಬೀಳೋ ಸದ್ದು ಬರ್ತಾನೇ ಇತ್ತು. ಉತ್ತರ ಇಲ್ಲ.

ಬಾಗಿಲಿಗೆ ಒಳಗಿಂದ ಚಿಲಕ. ಅಜ್ಜನ ಕಾಲದ ಹಲಸಿನ ಮರದ ಬಾಗಿಲು ಬೇರೆ, ಅದನ್ನೇ ತಂದು ಹೊಸ ಬಾತ್‌ರೂಮಿಗೆ ಹಾಕಿಸಿದ್ದೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಂತ. ನಾನೂ ಅವರಪ್ಪನೂ ಭುಜ ಕೊಟ್ಟು ಗುದ್ದಿದೆವು, ಅಲ್ಲಾಡಲಿಲ್ಲ. ಕೆಲಸದ ಹುಡುಗ ಹಾರೆ ತಂದ. ಚಿಲಕ ಕಿತ್ತು ಬಾಗಿಲು ತೆಗೆಯೋಕೆ ಎರಡು ನಿಮಿಷ ಆಗಿರಬಹುದು. ನನ್ನ ಆಯಸ್ಸಿನಲ್ಲಿ ಅಷ್ಟು ಉದ್ದದ ಎರಡು ನಿಮಿಷ ಇಲ್ಲ. ಅವಳಮ್ಮ ಒಳಗೆ ನುಗ್ಗಿ ಸೀರೆ ಸುತ್ತಿದರು, ನಮ್ಮಮ್ಮನೂ ಅವರೂ ಸೇರಿ ಎತ್ತಿ ತಂದು ಜಗಲಿ ಮೇಲೆ ಮಲಗಿಸಿದರು. ಮೈ ಬೆಚ್ಚಗಿತ್ತು, ಪ್ರಜ್ಞೆ ಇರಲಿಲ್ಲ. ಉಸಿರಾಡ್ತಿದ್ದಳು.

ಕಾರಲ್ಲಿ ಹಾಕಿಕೊಂಡು ಕಿಟಕಿ ಎಲ್ಲ ಇಳಿಸಿ ಮೂಡಿಗೆರೆಗೆ ಓಡಿಸಿದೆ. ಅರ್ಧ ದಾರಿಯಲ್ಲಿ ಹಿಂದಿನ ಸೀಟಿಂದ ವಾಂತಿ ಮಾಡೋ ಸದ್ದು, ಆಮೇಲೆ "ಅವ್ವಾ" ಅನ್ನೋ ದನಿ. ಸ್ಟೇರಿಂಗ್ ಹಿಡಿದ ನನ್ನ ಕೈ ನಡುಗೋಕೆ ಶುರುವಾಗಿದ್ದು ಆವಾಗ, ಅಲ್ಲಿ ತನಕ ನಡುಗಿರಲಿಲ್ಲ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಮರುದಿನ ಹೊತ್ತಿಗೆ ತಲೆನೋವು ಬಿಟ್ಟರೆ ಬೇರೇನೂ ಇರಲಿಲ್ಲ. ಇನ್ನೈದು ನಿಮಿಷ ತಡವಾಗಿದ್ದರೆ ಅನ್ನೋ ವಾಕ್ಯವನ್ನ ಡಾಕ್ಟರು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು.

ಆಗಿದ್ದಿಷ್ಟು. ಗ್ಯಾಸ್ ಪೂರ್ತಿ ಉರಿಯೋಕೆ ಗಾಳಿ ಬೇಕು. ಪುಟ್ಟ ಬಾತ್‌ರೂಮು, ಬಾಗಿಲು ಮುಚ್ಚಿದೆ, ಚಳಿ ಬರುತ್ತೆ ಅಂತ ಹಿಂದಿನ ರಾತ್ರಿ ಅವರು ವೆಂಟಿಲೇಟರಿಗೆ ಪೇಪರ್ ತುರುಕಿದ್ದರು. ಅದು ಅವರ ತಪ್ಪಲ್ಲ, ಚಳಿಗೆ ಯಾರಾದರೂ ಮಾಡೋದೇ. ಗಾಳಿ ಸಾಲದೆ ಉರಿದ ಗ್ಯಾಸ್ ಕಾರ್ಬನ್ ಮೊನಾಕ್ಸೈಡ್ ಆಗುತ್ತೆ. ಸಿಲಿಂಡರ್ ಲೀಕಾದರೆ ವಾಸನೆ ಬರೋ ಹಾಗೆ ಅದರಲ್ಲಿ ಬೇಕಂತಲೇ ಒಂದು ವಾಸನೆ ಸೇರಿಸಿರ್ತಾರೆ. ಆದರೆ ಈ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಸುಲಭವಾಗಿ ಇದನ್ನ ಹಿಡ್ಕೊಳ್ಳುತ್ತೆ, ಬಿಡಲ್ಲ. ತಲೆ ಸುತ್ತಿದೆ ಅಂತ ಗೊತ್ತಾಗೋ ಹೊತ್ತಿಗೆ ಎದ್ದು ಚಿಲಕ ತೆಗೆಯೋ ಶಕ್ತಿ ಇರಲ್ಲ.

ಅವರಪ್ಪ ಹೊರಡೋ ಮುಂಚೆ ನನ್ನನ್ನ ಪಕ್ಕಕ್ಕೆ ಕರೆದರು. ಬೈತಾರೆ, ಕಂಪ್ಲೇಂಟ್ ಕೊಡ್ತಾರೆ ಅಂದುಕೊಂಡಿದ್ದೆ. "ನಿಮಗೇನೂ ಅನ್ನೂದಿಲ್ರಿ. ಅದನ್ನೊಂದು ಅಲ್ಲಿಂದ ತೆಗಸ್ರಿ" ಅಂದರು. ದುಡ್ಡು ವಾಪಸ್ ಕೊಡೋಕೆ ಹೋದರೆ ನನ್ನ ಕೈಯನ್ನ ಮೆಲ್ಲಗೆ ತಳ್ಳಿದರು.

ಅವತ್ತೇ ಮೂರನ್ನೂ ಕಿತ್ತು ಹಾಕಿಸಿದೆ. ಈಗ ಗೀಸರ್ ಹೊರಗೋಡೆಯಲ್ಲಿ, ತೆರೆದ ಗಾಳಿಯಲ್ಲಿ, ಮೇಲೊಂದು ಶೀಟಿನ ಮಾಡು. ಒಳಗೆ ಬರೋದು ಬಿಸಿನೀರಿನ ಪೈಪ್ ಮಾತ್ರ. ವೆಂಟಿಲೇಟರ್ ಮುಚ್ಚೋಕೆ ಆಗದ ಹಾಗೆ ಮೇಲೊಂದು ಕೆಳಗೊಂದು ಗಾಳಿಕಿಂಡಿ. ಚಿಲಕ ಹೋಗಿ, ಹೊರಗಿಂದಲೂ ನಾಣ್ಯ ತಿರುಗಿಸಿ ತೆಗೆಯಬಹುದಾದ ಲಾಕ್ ಬಂದಿದೆ. ಪ್ರತಿ ರೂಮಲ್ಲೂ ಮೊನಾಕ್ಸೈಡ್ ಅಲಾರಂ ಇದೆ. ಚಳಿಗೆ ಅಂತ ಕೆಂಡದ ಬಾಣಲೆಯನ್ನ ರೂಮಿನೊಳಗೆ ಕೇಳೋರಿಗೆ ಕೊಡಲ್ಲ, ಅದರಿಂದಲೂ ಇದೇ ವಿಷ ಬರುತ್ತೆ. ನೀವು ಹೋಮ್‌ಸ್ಟೇ ಮಾಡದಿದ್ದರೂ ಪರವಾಗಿಲ್ಲ, ನಿಮ್ಮ ಮನೆ ಬಾತ್‌ರೂಮಿನ ಒಳಗೆ ಗ್ಯಾಸ್ ಗೀಸರ್ ಇದ್ದರೆ ಈ ಪ್ಯಾರಾ ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ ನೋಡಿ. ನಮ್ಮ ರಾಜ್ಯದಲ್ಲೇ ಹೀಗೆ ಸತ್ತವರ ಸುದ್ದಿ ಪೇಪರಿನಲ್ಲಿ ಬರ್ತಾನೇ ಇರುತ್ತೆ.

* * *

ಅಮ್ಮ ಅದಾದ ಮೇಲೆ ಮಾತೇ ಬಿಟ್ಟಳು. ತಪ್ಪು ನನ್ನದು, ಕೊರಗಿದ್ದು ಅವಳು. "ನಮ್ಮನೆಗೆ ಬಂದ ಹುಡುಗಿ" ಅಂತ ಒಂದೇ ಮಾತು. ಬುಕಿಂಗ್ ಎಲ್ಲ ನಿಲ್ಲಿಸಿದೆವು. ಬಾತ್‌ರೂಮ್ ಕೆಲಸ ಮುಗಿದಿದ್ದು 2020ರ ಮಾರ್ಚ್ ಎರಡನೇ ವಾರ. ಆಮೇಲೆ ಏನಾಯ್ತು ಅಂತ ನಿಮಗೇ ಗೊತ್ತು. ಲಾಕ್‌ಡೌನ್. ನಾನು ಹೆಂಡತಿ ಮಗನನ್ನ ಕರ್ಕೊಂಡು ಊರಿಗೇ ಬಂದುಬಿಟ್ಟೆ, ವರ್ಕ್ ಫ್ರಮ್ ಹೋಮ್ ಅಂತ. ಇಎಂಐಗೆ ಆಗಸ್ಟ್ ತನಕ ಬ್ಯಾಂಕಿನವರು ಬಿಡುವು ಕೊಟ್ಟರು, ಬಡ್ಡಿ ಮಾತ್ರ ಬಿಡುವಿಲ್ಲದೆ ಬೆಳೀತು.

ಇನ್ನು ಹೋಮ್‌ಸ್ಟೇ ಸಾಕು ಅಂತ ನಾನೂ ತೀರ್ಮಾನ ಮಾಡಿದ್ದೆ. ಸೆಪ್ಟೆಂಬರಲ್ಲಿ ಒಂದು ದಿನ ಅಮ್ಮ ಬಿಳಿ ಬೆಡ್‌ಶೀಟುಗಳನ್ನೆಲ್ಲ ತೆಗೆದು ಕಣದಲ್ಲಿ ಬಿಸಿಲಿಗೆ ಹರವಿದ್ದಳು.

"ಎಂತಕ್ಕಮ್ಮ ಇವೆಲ್ಲ ಈಗ?"

"ನೀವೆಲ್ಲ ಮತ್ತೆ ಬೆಂಗ್ಳೂರಿಗೆ ಹೋಗೋರೇ ಅಲ್ವಾ? ಆಮೇಲೆ ನಾನೊಬ್ಳೇ ಗೋಡೆ ಹತ್ರ ಮಾತಾಡ್ಕಂಡು ಕೂತ್ಕಳದಾ? ಬಂದವ್ರು ಬರ್ಲಿ. ಆದ್ರೆ ನಾನು ಹೇಳ್ದಂಗೆ ನಡೀಬೇಕು."

ಅಕ್ಟೋಬರಲ್ಲಿ ಮತ್ತೆ ತೆರೆದೆವು. ಅಡಿಗೆ ಅಕ್ಕ ಆಗ ಬರೋಹಾಗಿರಲಿಲ್ಲ. ಹಾಗಾಗಿ ಮೊದಲ ಸಲ ನಾನೇ ಆ ಕೆಲಸ ಮಾಡಿದೆ. ಬೆಳಿಗ್ಗೆ ಐದಕ್ಕೆ ಎದ್ದು ಅಕ್ಕಿರೊಟ್ಟಿ ಹಿಟ್ಟಿಗೆ ನೀರಿಡೋದು, ಏಳಕ್ಕೆ ಕಾಫಿ, ಒಂಬತ್ತಕ್ಕೆ ತಿಂಡಿ, ಹನ್ನೊಂದಕ್ಕೆ ರೂಮು ಖಾಲಿಯಾದ ಕೂಡಲೇ ಮೂರು ಬಾತ್‌ರೂಮು ತಿಕ್ಕೋದು, ಹನ್ನೆರಡಕ್ಕೆ ಹೊಸಬರು, ಅವರಿಗೆ ಊಟ, ರಾತ್ರಿ ಕೋಳಿಸಾರು ಕಡುಬು, ಹತ್ತೂವರೆಗೆ ಪಾತ್ರೆ. ಎರಡನೇ ಭಾನುವಾರ ನನ್ನ ಸೊಂಟ ಹೋಯ್ತು. ನನಗೆ ಆಗ ನಲವತ್ತು. ಅಮ್ಮ ಇದನ್ನ ಅರವತ್ತೊಂದರಿಂದ ಅರವತ್ತೈದರ ತನಕ ಮಾಡಿದ್ದಳು.

ಮೇಲಿನ ಲೆಕ್ಕದ ತಪ್ಪು ಈಗ ಕಾಣಿಸ್ತಾ? ಅಕ್ಕನ ಸಂಬಳ ಇದೆ, ಹುಡುಗನ ಸಂಬಳ ಇದೆ, ಬುಕಿಂಗ್ ಸೈಟಿನವರ ಕಮಿಷನ್ ಇದೆ, ಗೆದ್ದಲಿನ ಪಾಲೂ ಇದೆ. ಅಮ್ಮನ ಸಂಬಳ ಇಲ್ಲ. ನಾನು ಲಾಭ ಅಂತ ಬರೆದುಕೊಂಡಿದ್ದು ಅಮ್ಮನ ಬೆನ್ನುನೋವನ್ನ.

ಈಗ ನಮ್ಮ ಪುಸ್ತಕದ ಮೊದಲ ಸಾಲು ಅಮ್ಮನ ಸಂಬಳ. ತಿಂಗಳಿಗೆ ಇಷ್ಟು ಅಂತ ಅವಳ ಬ್ಯಾಂಕ್ ಖಾತೆಗೆ ಹೋಗುತ್ತೆ, ಆಮೇಲೆ ಉಳಿದವರದ್ದು. ಮೊದಲ ತಿಂಗಳು "ನಂಗೆಂತಕ್ಕೆ ದುಡ್ಡು" ಅಂದಳು. ಎರಡನೇ ತಿಂಗಳು ಒಂದು ದಿನ ತಡವಾಗಿದ್ದಕ್ಕೆ ಫೋನ್ ಮಾಡಿ ಕೇಳಿದಳು :-) ನನಗೆ ಬಹಳ ಖುಷಿಯಾಯ್ತು.

ಅವಳು ಹೇಳಿದಂತೆ ನಡೆಯೋ ನಿಯಮಗಳು ಇವು. ಜೂನ್, ಜುಲೈ, ಆಗಸ್ಟ್ ಪೂರ್ತಿ ಬಂದ್. ಭಾನುವಾರ ರಾತ್ರಿ ಯಾರನ್ನೂ ಇಟ್ಕೊಳ್ಳಲ್ಲ, ಅವತ್ತು ಅವಳು ಟಿವಿ ನೋಡಬೇಕು. ಎರಡು ರೂಮು ಮಾತ್ರ ಬಾಡಿಗೆಗೆ, ಮೂರನೆಯದು ತಂಗಿ ಬಂದರೆ ಇರೋಕೆ. ಒಬ್ಬರು ಹೋದ ದಿನವೇ ಇನ್ನೊಬ್ಬರು ಆ ರೂಮಿಗೆ ಬರೋಹಾಗಿಲ್ಲ. ಅಡಿಗೆ ಅಕ್ಕನ ಜೊತೆಗೆ ಇನ್ನೊಬ್ಬರು ಇದ್ದಾರೆ. ದರ ಏರಿಸಿದ್ದೀವಿ. ಜನ ಕಡಿಮೆ ಆದರು, ಉಳಿಯೋ ದುಡ್ಡು ಕಡಿಮೆ ಆಗಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಈಗ ಹಳಬರೇ, ನೇರ ಅಮ್ಮನ ಫೋನಿಗೇ ಮಾಡ್ತಾರೆ, ಕಮಿಷನ್ನೂ ಉಳೀತು. 2022ರ ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ಒಂದು ಫೋನ್ ಬಂದಿತ್ತು, ಎರಡು ರೂಮು ಬೇಕು ಅಂತ. ಆ ಹುಡುಗಿಗೆ ಮದುವೆ ಗೊತ್ತಾಗಿತ್ತು, ಅದಕ್ಕೆ ಮುಂಚೆ ಅಪ್ಪ ಅಮ್ಮನ ಜೊತೆ ಇನ್ನೊಂದು ಟ್ರಿಪ್. ಬಂದ ದಿನ ಅವರಪ್ಪ ಬ್ಯಾಗ್ ಇಡೋದಕ್ಕಿಂತ ಮೊದಲು ಮನೆ ಸುತ್ತು ಹಾಕಿ ಹೊರಗೋಡೆಯ ಗೀಸರ್ ನೋಡಿ ಬಂದರು. ಏನೂ ಹೇಳಲಿಲ್ಲ. ತಲೆ ಆಡಿಸಿ, "ಕಾಫಿ ಕೊಡ್ರಿ" ಅಂದರು. ನನ್ನ ಹತ್ತಿರ ಇರೋ ರಿವ್ಯೂಗಳಲ್ಲಿ ಅದೇ ದೊಡ್ಡದು.

* * *

ಇಷ್ಟನ್ನೂ ಗೆಳೆಯನಿಗೆ ಕಳಿಸಿದೆ. ಸಂಜೆ ಅವನಿಂದ ಮೆಸೇಜು: "ಮಗಾ, ಅಷ್ಟುದ್ದ ಓದೋಕೆ ಟೈಮಿಲ್ಲ. ಮಾಡ್ಬೇಕಾ ಬೇಡ್ವಾ, ಒಂದೇ ಮಾತಲ್ಲಿ ಹೇಳು."

"ಆ ಮನೇಲಿ ಯಾರು ಇರ್ತಾರೆ?" ಅಂತ ಕೇಳಿದೆ.

"ಯಾರೂ ಇಲ್ಲ. ಒಬ್ಬ ಹುಡುಗನ್ನ ಇಡ್ತೀನಿ. ನಾನು ಇಲ್ಲಿಂದಲೇ ಫೋನಲ್ಲಿ ನೋಡ್ಕೋತೀನಿ."

"ಹಾಗಾದ್ರೆ ಮೊದಲು ನೀನೇ ಈ ಮಳೆಗಾಲ ಪೂರ್ತಿ ಅಲ್ಲಿ ಇದ್ದು ಬಾ. ಅದೇ ಬಾತ್‌ರೂಮಲ್ಲಿ ಸ್ನಾನ ಮಾಡು, ಅದೇ ಹೊದಿಕೆ ಹೊದ್ದು ಮಲಗು. ಸೆಪ್ಟೆಂಬರಲ್ಲಿ ಇನ್ನೂ ಮನಸ್ಸಿದ್ರೆ ಫೋನ್ ಮಾಡು, ಸೆಪ್ಟಿಕ್ ಟ್ಯಾಂಕ್ ಕಟ್ಟೋ ಮೇಸ್ತ್ರಿ ನಂಬರ್ ಕೊಡ್ತೀನಿ."

ಮೆಸೇಜ್ ಓದಿದಾನೆ ಅಂತ ನೀಲಿ ಗೆರೆ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.